ಹಳೆಯ ವಿಶ್ವಕೋಶದ ಚಿತ್ರಪಟಗಳು

ಹಳೆಯ ವಿಶ್ವಕೋಶವೊಂದು ಕೈಗೆ ಬಂದರೆ ನಾನು ಮೊದಲು ಓದುವುದಿಲ್ಲ, ಚಿತ್ರಗಳನ್ನು ನೋಡುತ್ತೇನೆ. ಅದರ ವೈದ್ಯ, ಭೂಗೋಳಗಳು ಇಂದು ಹಳತಾಗಿರುತ್ತವೆ. ಚಿತ್ರಗಳು ಮಾತ್ರ ಈಗಲೂ ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ಏಕಿರಬಹುದು?

ಫ್ರಾನ್ಸಿನ ದಿದೆರೊ ಸಂಪಾದಿಸಿದ ವಿಶ್ವಕೋಶವನ್ನೇ ನೋಡಿ. 1751ರಲ್ಲಿ ತೊಡಗಿ 1772ರಲ್ಲಿ ಮುಗಿದ ಆ ಗ್ರಂಥದಲ್ಲಿ ಬರಹದ ಸಂಪುಟಗಳು 17, ಚಿತ್ರಸಂಪುಟಗಳು 11. 1759ರಲ್ಲಿ ಅರಸೊತ್ತಿಗೆಯು ಮುದ್ರಣದ ಪರವಾನಗಿಯನ್ನು ರದ್ದುಮಾಡಿತು. ಆದರೂ ಕೆಲಸ ಒಳಗೊಳಗೇ ಸಾಗಿತು. ಗೂಸಿಯೆ ಎಂಬ ಚಿತ್ರಕಾರನು ಕಾರ್ಯಾಗಾರಗಳನ್ನು ಕಣ್ಣಾರೆ ಕಂಡು ನೂರಾರು ಪಟಗಳನ್ನು ಬರೆದನು. ಗುಂಡುಸೂಜಿ ಮಾಡುವವರ ಪಟದಲ್ಲಿ ಮೇಲೆ ದುಡಿಯುವವರ ಕೋಣೆ, ಕೆಳಗೆ ಅವರ ಸಲಕರಣೆಗಳು ಬಿಡಿಬಿಡಿಯಾಗಿ. ಆ ಕೋಣೆ ನಿಜಕ್ಕಿಂತ ಚೊಕ್ಕಟವಾಗಿದೆ, ದಣಿದ ಮುಖಗಳಿಲ್ಲ, ಒಪ್ಪಿದೆ. ಆದರೂ ವಿದ್ವಾಂಸರ ಗ್ರಂಥದಲ್ಲಿ ಕೈಕಸುಬಿಗೂ ಶಾಸ್ತ್ರಗಳ ಪಕ್ಕದಲ್ಲೇ ಸ್ಥಾನ ದೊರೆಯಿತು. ಮಾತಿನಲ್ಲಿ ಹೇಳಲಾಗದ ಕೈಯ ತಿಳಿವಳಿಕೆ ರೇಖೆಗಳಲ್ಲಿ ಉಳಿಯಿತು.

ಆ ಪಟಗಳನ್ನು ನೋಡುವಾಗಲೆಲ್ಲ ನಮ್ಮೂರಿನ ಕುಲುಮೆ ನೆನಪಾಗುತ್ತದೆ. ಅದು ಮುಚ್ಚಿ ಎಷ್ಟೋ ವರ್ಷಗಳಾದವು. ತಿದಿ, ಅಡಿಗಲ್ಲು, ಇಕ್ಕಳ ಎಂಬ ಹೆಸರುಗಳು ನನಗೆ ಗೊತ್ತು. ತಿದಿಯನ್ನು ಹೇಗೆ ಹೊಲಿದಿದ್ದರು, ಗಾಳಿ ಅದರೊಳಗೆ ಹೇಗೆ ಹೊಕ್ಕುತ್ತಿತ್ತು ಎಂದು ಮಗು ಕೇಳಿದರೆ ಉತ್ತರವಿಲ್ಲ. ನಿತ್ಯವೂ ಕಂಡಿದ್ದೆವು, ಯಾರೂ ಅದರ ಚಿತ್ರ ಬರೆದಿಡಲಿಲ್ಲ.