ರಾತ್ರಿ ಎಂಟರ ರೇಡಿಯೊ ಕರೆ

ರಾತ್ರಿ ಎಂಟಾಯಿತೆಂದರೆ ಈಕ್ವೆಡಾರ್‌ನ ತುಂಗುರಾಹುವಾ ಜ್ವಾಲಾಮುಖಿಯ ಸುತ್ತಲ ಹಳ್ಳಿಮನೆಗಳಲ್ಲಿ ರೇಡಿಯೊ ಸೆಟ್‌ಗಳು ಗೊರಗುಟ್ಟುತ್ತಿದ್ದವು. ಬೂದಿ ಬಿತ್ತೇ, ಬಣ್ಣ ಕಪ್ಪೋ ಬಿಳಿಯೋ, ಬೆಟ್ಟದ ಸದ್ದು ಹೇಗಿತ್ತು, ಹಳ್ಳದಲ್ಲಿ ರಾಡಿ ಹರಿಯಿತೇ ಎಂದು ವೀಕ್ಷಣಾಲಯದಲ್ಲಿ ಕೂತ ವಿಜ್ಞಾನಿಗಳು ಒಬ್ಬೊಬ್ಬರಿಂದಲೂ ವರದಿ ಪಡೆಯುತ್ತಿದ್ದರು. ಉತ್ತರಿಸುತ್ತಿದ್ದವರು ‘ವಿಹಿಯಾ’ಗಳು, ಅಂದರೆ ಊರಿನ ಕಾವಲಿನವರು. ಬಹುತೇಕ ರೈತರು. ಸಂಬಳವಿಲ್ಲ. ಸೈರನ್ ಮೊಳಗಿಸುವುದು ಮಾತ್ರವಲ್ಲ, ಬೆಟ್ಟದ ಮೇಲಿನ ಕಂಪನಮಾಪಕಗಳ ಸುತ್ತ ಬೆಳೆದ ಹುಲ್ಲು ಕೀಳುವುದೂ ಅವರದೇ ಕೆಲಸವಾಗಿತ್ತು.

ಈ ವ್ಯವಸ್ಥೆ ಹುಟ್ಟಿದ್ದು ಒಂದು ಜಗಳದಿಂದ. 1999ರ ಅಕ್ಟೋಬರ್‌ನಲ್ಲಿ ಬೆಟ್ಟ ಎಚ್ಚೆತ್ತಾಗ ಬಾನ್ಯೋಸ್ ಪಟ್ಟಣ ಮತ್ತು ಸುತ್ತಲಿನ ಸುಮಾರು 25 ಸಾವಿರ ಜನರನ್ನು ಸೇನೆ ಬಲವಂತವಾಗಿ ಹೊರಡಿಸಿತು. ಹೊಲ, ದನಕರು, ಅಂಗಡಿ ಎಲ್ಲ ಹಿಂದೆಯೇ ಉಳಿದವು. ವಾರಗಳು ಉರುಳಿದವು, ಹೇಳಿದ ಮಹಾಸ್ಫೋಟ ಬರಲೇ ಇಲ್ಲ. ನಿರಾಶ್ರಿತರ ಶಿಬಿರದಲ್ಲಿ ಎಷ್ಟು ದಿನ ಅಂತ ಕೂತಿರುವುದು? 2000ದ ಜನವರಿಯಲ್ಲಿ ಜನ ಸೈನಿಕರೊಂದಿಗೆ ಗುದ್ದಾಡಿ ಊರಿಗೆ ನುಗ್ಗಿದರು. ಇನ್ನು ಇವರನ್ನು ಕದಲಿಸುವುದು ಸಾಧ್ಯವಿಲ್ಲ ಎಂದಾದ ಮೇಲೆ ನಾಗರಿಕ ರಕ್ಷಣಾ ಇಲಾಖೆ ಮತ್ತು ಭೂಭೌತ ಸಂಸ್ಥೆಯವರು ಊರವರ ಕೈಗೇ ರೇಡಿಯೊ ಕೊಟ್ಟರು. ಆಡಳಿತ ತಾನಾಗಿ ಕಂಡುಕೊಂಡ ಜಾಣತನ ಇದಲ್ಲ, ಬೇರೆ ದಾರಿ ಉಳಿದಿರಲಿಲ್ಲ ಅಷ್ಟೆ.

ಎಚ್ಚರಿಕೆ ಕೊಡಬೇಕಾದವರ ಮಾತು ಜನರ ಕಿವಿಗೆ ಬೀಳದಿದ್ದರೆ ಏನಾಗುತ್ತದೆಂದು ಪಕ್ಕದ ಕೊಲಂಬಿಯಾ 1985ರಲ್ಲೇ ಕಂಡಿತ್ತು. ಅಲ್ಲಿನ ನೆವಾದೊ ದೆಲ್ ರೂಯಿಸ್ ಜ್ವಾಲಾಮುಖಿಯ ಸ್ಫೋಟಕ್ಕೆ ವಾರಗಳ ಮೊದಲೇ ಅಪಾಯದ ನಕ್ಷೆ ಸಿದ್ಧವಿತ್ತು. ಆದರೂ ಆರ್ಮೆರೊ ಪಟ್ಟಣ ಖಾಲಿಯಾಗಲಿಲ್ಲ. ಹಿಮ ಕರಗಿ ನುಗ್ಗಿದ ಕೆಸರಿನಡಿ 20 ಸಾವಿರಕ್ಕೂ ಹೆಚ್ಚು ಮಂದಿ ಹೂತುಹೋದರು.

ತುಂಗುರಾಹುವಾದಲ್ಲಿ ಪರೀಕ್ಷೆ ಬಂದದ್ದು 2006ರ ಆಗಸ್ಟ್ 16ರ ರಾತ್ರಿ. ಸುಡುವ ಬೂದಿ, ಅನಿಲ, ಕಲ್ಲುಗಳ ಪ್ರವಾಹ ಇಳಿಜಾರುಗಳಲ್ಲಿ ಧುಮುಕಿತು. ಹುಯಿವೆ ಗ್ರಾಂದೆ ಹಳ್ಳಿಯಲ್ಲಿ ಮನೆಗಳು ಹೋದವು, ವಿಹಿಯಾಗಳ ಮಾತು ಕೇಳಿ ಹೊರಟಿದ್ದ ಜನ ಉಳಿದರು. ಬೆಟ್ಟದ ಇನ್ನೊಂದು ಬದಿಯ ಪಾಲಿಕ್ತಹುವಾದಲ್ಲಿ ಸಾವುಗಳಾದವು. ಎಲ್ಲರೂ ಉಳಿದರೆಂದು ಹೇಳಿಕೊಳ್ಳುವಂತಿಲ್ಲ.

ಆಮೇಲೆ ಸರ್ಕಾರ ದೂರದಲ್ಲಿ ಮನೆ ಕಟ್ಟಿಸಿಕೊಟ್ಟಿತು. ಮನೆ ಸಿಕ್ಕಿತು, ಜಮೀನು ಸಿಗಲಿಲ್ಲ. ಹಾಗಾಗಿ ರಾತ್ರಿ ಹೊಸ ಮನೆಯಲ್ಲಿ ಮಲಗುವುದು, ಬೆಳಗಾದರೆ ಹಳೇ ಹೊಲಕ್ಕೆ ಹೋಗುವುದು ಅನೇಕರ ಪಾಡಾಯಿತು. ಹೊಲದಲ್ಲಿದ್ದಾಗಲೂ ಬೆಟ್ಟ ಗದರಿದರೆ ಹೇಳುವವರಿದ್ದಾರೆ ಎಂಬ ಧೈರ್ಯವೇ ಅವರನ್ನು ಮತ್ತೆ ಅಪಾಯದ ಬಳಿಗೆ ಕರೆದೊಯ್ಯುತ್ತದೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸುಳ್ಳಲ್ಲ. ಆದರೆ ಮೆಕ್ಕೆಜೋಳ, ಆಲೂಗಡ್ಡೆ ಬೆಳೆಯುವುದು ಆ ಬೂದಿಮಣ್ಣಿನಲ್ಲೇ.