ಹಂತ ಬರೆಯದ ಲೆಕ್ಕಕ್ಕೆ ಅಂಕವಿಲ್ಲ

ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿತವರು ನಾಲ್ಕು ಪದಗಳನ್ನು ಮರೆತಿರಲಾರರು: ದತ್ತ, ಸಾಧನೀಯ, ರಚನೆ, ಸಾಧನೆ. ಪ್ರಮೇಯ ಎಷ್ಟೇ ಸುಲಭದ್ದಿರಲಿ, ಈ ನಾಲ್ಕನ್ನೂ ಕ್ರಮವಾಗಿ ಬರೆಯಲೇಬೇಕಿತ್ತು. ಬರಿಯ ಉತ್ತರ ಬರೆದವನ ಪುಸ್ತಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತಿತ್ತು. ‘ಉತ್ತರ ಸರಿಯಿದೆಯಲ್ಲ ಸರ್?’ ಎಂದು ಕೇಳಿದರೆ, ‘ಹೇಗೆ ಬಂತು ಹೇಳು’ ಎಂಬುದೇ ಲೆಕ್ಕದ ಮೇಷ್ಟ್ರ ಮರುಪ್ರಶ್ನೆ.

ಇದೇ ಪ್ರಶ್ನೆಯನ್ನು ಕಂಪ್ಯೂಟರಿಗೂ ಕೇಳಬಹುದೇ? ಕೇಳಬಹುದು, ಕೇಳಲೇಬೇಕು ಎನ್ನುವವರೇ ಮುಕ್ತ ತಂತ್ರಾಂಶದ ಪಕ್ಷಪಾತಿಗಳು. ಜಗತ್ತಿನ ಎಲ್ಲ ಕಡೆ ಈ ಪಕ್ಷದಲ್ಲಿ ಗಣಿತದ ಪ್ರಾಧ್ಯಾಪಕರ ಸಂಖ್ಯೆ ದೊಡ್ಡದು. ಕೇವಲ ಹವ್ಯಾಸ ಎಂದು ತಳ್ಳಿಹಾಕಬಹುದಾದ ಒಲವು ಇದಲ್ಲ. ಅದರ ಬೇರು ಗಣಿತದ ಚರಿತ್ರೆಯಲ್ಲಿಯೇ ಇದೆ; ಕೊಂಬೆಯೊಂದು ನಮ್ಮ ಮಂಗಳೂರಿನ ಮಗ್ಗುಲಿಗೂ ಚಾಚಿದೆ.

ಮೊದಲು, ಮುಕ್ತ ತಂತ್ರಾಂಶವೆಂದರೇನು? ಕಂಪ್ಯೂಟರಿನ ಪ್ರತಿಯೊಂದು ತಂತ್ರಾಂಶವೂ ಮನುಷ್ಯರು ಬರೆದ ಆದೇಶಗಳ ಸರಮಾಲೆ. ಸೋರ್ಸ್ ಕೋಡ್ ಎಂದು ಕರೆಯುವ ಆ ಮೂಲ ಬರಹವನ್ನು ತಿಳಿದವರು ಓದಬಲ್ಲರು, ತಿದ್ದಬಲ್ಲರು. ಆದರೆ ಅಂಗಡಿಯಲ್ಲಿ ಕೊಳ್ಳುವ ಹೆಚ್ಚಿನ ತಂತ್ರಾಂಶಗಳಲ್ಲಿ ನಮಗೆ ಸಿಗುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪ. ಉತ್ತರ ಇರುತ್ತದೆ, ಹಂತಗಳಿರುವುದಿಲ್ಲ. ಮೂಲ ಬರಹವನ್ನೂ ಜೊತೆಗೆ ಕೊಟ್ಟು, ಓದುವ, ತಿದ್ದುವ, ಪ್ರತಿ ಮಾಡಿ ಹಂಚುವ ಹಕ್ಕನ್ನು ಬಳಕೆದಾರನಿಗೆ ಬಿಟ್ಟುಕೊಟ್ಟರೆ ಅದು ಮುಕ್ತ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಈ ತತ್ವದ ಮೇಲೆ ‘ಗ್ನೂ’ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ‘ಲಿನಕ್ಸ್’ ಇದಕ್ಕೆ ಕೈಜೋಡಿಸಿತು. ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಲಿನಕ್ಸೇ.

ಬಚ್ಚಿಟ್ಟ ಸೂತ್ರದ ಕಥೆ

ಗಣಿತಜ್ಞರು ಸದಾ ಉದಾರಿಗಳಾಗಿದ್ದರು ಎಂದೇನೂ ಭಾವಿಸಬೇಕಿಲ್ಲ. ಹದಿನಾರನೇ ಶತಮಾನದ ಇಟಲಿಯಲ್ಲಿ ಸೂತ್ರಗಳನ್ನು ಬಚ್ಚಿಡುವುದೇ ವಾಡಿಕೆ. ಪಂಡಿತರು ಪರಸ್ಪರ ಸವಾಲು ಹಾಕಿ ಬಹಿರಂಗ ಸ್ಪರ್ಧೆ ನಡೆಸುತ್ತಿದ್ದರು. ಗೆದ್ದವರಿಗೆ ಮಾನ, ಉದ್ಯೋಗ ಎರಡೂ ದೊರೆಯುತ್ತಿದ್ದವು. ಘನ ಸಮೀಕರಣ ಬಿಡಿಸುವ ಉಪಾಯವನ್ನು ಬೊಲೊನ್ಯಾದ ಶಿಪಿಯೋನೆ ದೆಲ್ ಫೆರ್ರೊ ಕಂಡುಹಿಡಿದರೂ ಪ್ರಕಟಿಸಲಿಲ್ಲ, ಆಪ್ತರಿಗಷ್ಟೇ ತಿಳಿಸಿದ. ಅವನ ಶಿಷ್ಯ ಫಿಯೋರ್ ಆ ಗುಟ್ಟನ್ನು ನಂಬಿ 1535ರಲ್ಲಿ ತಾರ್ತಾಲ್ಯ ಎಂಬವನಿಗೆ ಸವಾಲೆಸೆದ. ತಾರ್ತಾಲ್ಯ ಸ್ವತಂತ್ರವಾಗಿ ಅದೇ ಉಪಾಯವನ್ನು ಕಂಡುಕೊಂಡು ಗೆದ್ದ; ಗೆದ್ದ ಮೇಲೆ ಅವನೂ ಬಚ್ಚಿಟ್ಟ.

1539ರಲ್ಲಿ ಕಾರ್ದಾನೊ ಎಂಬ ವೈದ್ಯ ಕಾಡಿ ಬೇಡಿ, ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟು ತಾರ್ತಾಲ್ಯನಿಂದ ಸೂತ್ರ ಪಡೆದ. ಮುಂದೆ ದೆಲ್ ಫೆರ್ರೊನ ಹಳೆಯ ಕಾಗದಗಳಲ್ಲೂ ಅದೇ ಸೂತ್ರ ಇರುವುದನ್ನು ಕಂಡ ಬಳಿಕ, ಆಣೆಯ ಕಟ್ಟು ತನಗಿಲ್ಲವೆಂದು ತೀರ್ಮಾನಿಸಿ 1545ರಲ್ಲಿ ಅದನ್ನು ಗ್ರಂಥವಾಗಿ ಅಚ್ಚು ಹಾಕಿಸಿದ. ತಾರ್ತಾಲ್ಯ ಕೆರಳಿದ, ಜಗಳ ಬೀದಿಗೆ ಬಂತು. ನ್ಯಾಯ ಯಾರ ಕಡೆಗಿತ್ತೆಂಬುದು ಇಂದಿಗೂ ಚರ್ಚೆಯ ವಿಷಯ. ಆದರೆ ಅದೇ ಗ್ರಂಥದಲ್ಲಿ ಕಾರ್ದಾನೊನ ಶಿಷ್ಯ ಫೆರ್ರಾರಿ ಕಂಡುಕೊಂಡ ಮುಂದಿನ ಘಾತದ ಸಮೀಕರಣದ ಪರಿಹಾರವೂ ಹೊರಬಂತು ಎಂಬುದನ್ನು ಮರೆಯಬಾರದು. ಬಚ್ಚಿಟ್ಟಷ್ಟು ಕಾಲ ಒಬ್ಬನ ಬಂಡವಾಳವಾಗಿದ್ದ ಸೂತ್ರ, ತೆರೆದಿಟ್ಟ ಕ್ಷಣದಲ್ಲಿ ಶಾಸ್ತ್ರವಾಯಿತು.

ನಮ್ಮಲ್ಲಿಯೂ ಈ ಶಾಸ್ತ್ರ ಬೆಳೆದದ್ದು ಬರೆದಿಟ್ಟದ್ದರಿಂದಲೇ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಹನ್ನೆರಡನೇ ಶತಮಾನದ ರಾಜಾದಿತ್ಯ ಇನ್ನೊಂದು ಹೆಜ್ಜೆ ಮುಂದಿಟ್ಟು, ವ್ಯವಹಾರದ ಲೆಕ್ಕವನ್ನು ಕನ್ನಡಕ್ಕೇ ತಂದ. ಪಂಡಿತರ ಭಾಷೆಯಿಂದ ಜನರ ಭಾಷೆಗೆ ಲೆಕ್ಕವನ್ನು ಇಳಿಸುವುದೂ ಒಂದು ಬಗೆಯ ಬೀಗ ತೆರೆಯುವ ಕೆಲಸವೇ ಸರಿ.

ಅಚ್ಚಿನ ಮನೆಗೆ ಬಂದ ಪ್ರಾಧ್ಯಾಪಕ

ನಮ್ಮ ಕಾಲದ ಅತಿ ದೊಡ್ಡ ಉದಾಹರಣೆ ಡೊನಾಲ್ಡ್ ಕ್ನೂತ್. 1963ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಸ್ಟ್ಯಾನ್‌ಫರ್ಡಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾದವರು. 1977ರಲ್ಲಿ ತಮ್ಮ ಗ್ರಂಥವೊಂದರ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂದಾಗ ಅವರಿಗೆ ಬೇಸರವಾಯಿತು. ಹಳೆಯ ಸೀಸದ ಮೊಳೆಗಳ ಅಂದ ಹೊಸ ಯಂತ್ರದ ಅಕ್ಷರಗಳಲ್ಲಿರಲಿಲ್ಲ. ಕೆಲವು ತಿಂಗಳಲ್ಲಿ ಮುಗಿಸುವೆನೆಂದು ತಾವೇ ಅಕ್ಷರ ಜೋಡಿಸುವ ತಂತ್ರಾಂಶ ಬರೆಯಲು ಕುಳಿತರು. ಹಿಡಿದದ್ದು ಸುಮಾರು ಹತ್ತು ವರ್ಷ. ಅದರ ಹೆಸರು ‘ಟೆಕ್’.

ಅದನ್ನು ಅವರು ಮಾರಲಿಲ್ಲ. ಮೂಲ ಬರಹವನ್ನು ವಿವರಣೆಸಹಿತ ಪುಸ್ತಕವಾಗಿಯೇ ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದು. ಬದಲಾಯಿಸಿದರೆ ಹೆಸರು ಬೇರೆ ಇಡಬೇಕು, ಅಷ್ಟೆ. ತಪ್ಪು ತೋರಿಸಿಕೊಟ್ಟವರಿಗೆ ಬಹುಮಾನದ ಚೆಕ್ ಕಳುಹಿಸಿದರು; ಹಲವರು ಅದನ್ನು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ತಂತ್ರಾಂಶದ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಗೂ ಒಂದೊಂದು ಅಂಕಿ ಬೆಳೆದು 3.14159 ಎಂದು ‘ಪೈ’ಯ ಕಡೆಗೆ ಸಾಗುವಂತೆ ಏರ್ಪಾಡು ಮಾಡಿದ್ದು ಅಪ್ಪಟ ಗಣಿತಜ್ಞನ ತಮಾಷೆ. ಇಂದು ಕೊಣಾಜೆಯಲ್ಲಾಗಲಿ ಸುರತ್ಕಲ್ಲಿನಲ್ಲಾಗಲಿ ಗಣಿತದ ಸಂಶೋಧನೆ ಮಾಡುವವರು ಪ್ರಬಂಧ ಬರೆಯಲು ಕುಳಿತರೆ, ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಇದರ ಮೇಲೆ ಕಟ್ಟಿದ ‘ಲಾಟೆಕ್’ ಅನ್ನೇ.

ಸಾಧನೆಯೇ ಕಂಪ್ಯೂಟರಿನ ಒಳಗೆ ನಡೆದರೆ? ಈ ಪ್ರಶ್ನೆಯೂ ಎದುರಾಯಿತು. ಯಾವ ಭೂಪಟಕ್ಕಾದರೂ, ಅಕ್ಕಪಕ್ಕದ ನಾಡುಗಳು ಒಂದೇ ಬಣ್ಣ ಪಡೆಯದಂತೆ ಬಳಿಯಲು ನಾಲ್ಕು ಬಣ್ಣ ಸಾಕೆಂಬ ಪ್ರಮೇಯವನ್ನು 1976ರಲ್ಲಿ ಆಪೆಲ್ ಮತ್ತು ಹಾಕೆನ್ ಸಾವಿರಕ್ಕೂ ಹೆಚ್ಚು ಗಂಟೆಗಳ ಗಣಕ ಲೆಕ್ಕಾಚಾರದಿಂದ ಸಾಧಿಸಿದರು. ಯಂತ್ರ ಒಳಗೆ ಏನು ಮಾಡಿತೆಂಬುದನ್ನು ಯಾರು ಪರಿಶೀಲಿಸಬೇಕು? ತಂತ್ರಾಂಶವೇ ಮುಚ್ಚಿದ ಪೆಟ್ಟಿಗೆಯಾದರೆ ಸಾಧನೆಯೂ ಮುಚ್ಚಿದ ಪೆಟ್ಟಿಗೆಯೇ. 2005ರಲ್ಲಿ ಗಣಿತದ ಅಧ್ಯಾಪಕ ವಿಲಿಯಂ ಸ್ಟೈನ್ ‘ಸೇಜ್’ ಎಂಬ ಮುಕ್ತ ಗಣಿತ ತಂತ್ರಾಂಶವನ್ನು ಹೊರತಂದ ಹಿನ್ನೆಲೆಯಲ್ಲಿ ಇದೇ ಅಸಮಾಧಾನವಿತ್ತು.

ಕಿನ್ನಿಕಂಬಳದ ಕೊಡುಗೆ

ಕ್ನೂತ್ ಇಂಗ್ಲಿಷ್ ಅಕ್ಷರ ಮತ್ತು ಗಣಿತದ ಚಿಹ್ನೆಗಳಿಗಾಗಿ ಮಾಡಿದ್ದನ್ನು ಹೋಲುವ ಶ್ರಮವನ್ನು ಕನ್ನಡಕ್ಕಾಗಿ ಪಟ್ಟವರು ಮಂಗಳೂರಿಗೆ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್. ಅವರು ಗಣಿತದ ಪ್ರಾಧ್ಯಾಪಕರಲ್ಲ. ಆದರೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಾತಾವರಣದಲ್ಲಿ ಪಳಗಿದವರು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನಕ್ಕೆ ಕಂಪ್ಯೂಟರಿನ ನೆರವು ಒದಗಿಸಿದವರಲ್ಲಿ ಒಬ್ಬರು. ಬಳಿಕ ಮುದ್ರಣ ತಂತ್ರಜ್ಞಾನದತ್ತ ಹೊರಳಿದರು.

ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ ಹೇಗೆ ಹಿಡಿಸುವುದು? ರಾವ್ ಉಚ್ಚಾರವನ್ನೇ ಆಧಾರವಾಗಿ ಹಿಡಿದರು. ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ‘ಎಲ್’ ಒತ್ತಿದರೆ ಲ, ಶಿಫ್ಟ್ ಸೇರಿದರೆ ಳ. ಒತ್ತಕ್ಷರಕ್ಕೆ, ಕನ್ನಡಕ್ಕೆ ಅಷ್ಟಾಗಿ ಬೇಕಿಲ್ಲದ ‘ಎಫ್’ ಕೀಲಿ. ಅರ್ಧ ದಿನದಲ್ಲಿ ಕಲಿಯಬಹುದಾದ ವ್ಯವಸ್ಥೆ. ತಾವು ರೂಪಿಸಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿದ ಕೀಲಿಮಣೆ ವಿನ್ಯಾಸದ ಮೂಲವೂ ಇದೇ. ಕೀಲಿ ಒತ್ತಿದ ಪ್ರತಿಯೊಬ್ಬರಿಂದ ಒಂದೊಂದು ಪೈಸೆ ಕೇಳಿದ್ದರೂ ದೊಡ್ಡ ಮೊತ್ತವಾಗುತ್ತಿತ್ತು, ಅವರು ಕೇಳಲಿಲ್ಲ. ಇಂದು ನಮ್ಮಲ್ಲಿ ಎಷ್ಟೋ ಜನ ಆ ಹೆಸರನ್ನೂ ಅರಿಯದೆ ಅವರ ಕೀಲಿಮಣೆಯಲ್ಲೇ ಬರೆಯುತ್ತಿದ್ದೇವೆ.

ಕಾನೂನಿನ ಒಂದು ಸಾಲು

ಎಲ್ಲರೂ ಹೀಗೆ ಬಿಟ್ಟುಕೊಡುವುದಿಲ್ಲ. ಅವಿಭಾಜ್ಯ ಸಂಖ್ಯೆಗಳ ಗುಣವನ್ನು ಬಳಸಿ ಸಂದೇಶಗಳನ್ನು ಗುಪ್ತವಾಗಿಸುವ ‘ಆರ್‌ಎಸ್‌ಎ’ ವಿಧಾನಕ್ಕೆ ಅಮೆರಿಕದಲ್ಲಿ 1983ರಲ್ಲಿ ಪೇಟೆಂಟ್ ದೊರೆಯಿತು. 2000ದವರೆಗೂ ಅಲ್ಲಿ ಆ ಲೆಕ್ಕವನ್ನು ವ್ಯವಹಾರದಲ್ಲಿ ಬಳಸಲು ಅನುಮತಿ ಬೇಕಿತ್ತು. ತಂತ್ರಾಂಶದ ಪೇಟೆಂಟುಗಳನ್ನು ವಿರೋಧಿಸಿ 1994ರಲ್ಲಿ ಕ್ನೂತ್ ಅಮೆರಿಕದ ಪೇಟೆಂಟ್ ಕಚೇರಿಗೆ ಪತ್ರ ಬರೆದರು. ಗಣನವಿಧಾನವೂ ಗಣಿತವೇ, ಗಣಿತಕ್ಕೆ ಒಡೆಯನಿರಬಾರದು ಎಂಬುದು ಅವರ ವಾದದ ತಿರುಳು.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಕುತೂಹಲಕರ. 2002ರ ತಿದ್ದುಪಡಿಯಿಂದ ಪೇಟೆಂಟ್ ಕಾಯಿದೆಗೆ ಬಂದ ಕಲಮು 3(ಕೆ), ಗಣಿತದ ವಿಧಾನ, ವ್ಯವಹಾರದ ವಿಧಾನ, ಸ್ವತಃ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಗಣನವಿಧಾನ, ಇವು ಯಾವುವೂ ಪೇಟೆಂಟಿಗೆ ಅರ್ಹವಾದ ಆವಿಷ್ಕಾರಗಳಲ್ಲ ಎನ್ನುತ್ತದೆ. ಲೆಕ್ಕದ ಮೇಷ್ಟ್ರು ಹೇಳುವ ಮಾತನ್ನೇ ಕಾನೂನು ಒಂದೇ ಸಾಲಿನಲ್ಲಿ ಹೇಳಿದೆ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ಈ ಕಲಮನ್ನು ಸಡಿಲಿಸುವ ಯತ್ನ ನಡೆಯಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಲ್ಲಿ ಆ ಸಡಿಲಿಕೆ ಉಳಿಯಲಿಲ್ಲ. ತಂತ್ರಾಂಶಕ್ಕೆ ಪುಸ್ತಕದಂತೆ ಹಕ್ಕುಸ್ವಾಮ್ಯವಿದೆ. ‘ಸ್ವತಃ’ ಎಂಬ ಒಂದು ಪದದ ವ್ಯಾಪ್ತಿಯ ಬಗ್ಗೆ ವಕೀಲರ ವಾದವೂ ನಿಂತಿಲ್ಲ.

ಬೀಗ ಬಿದ್ದ ಕಡತ

ಇದರಿಂದ ಸಾಮಾನ್ಯ ಓದುಗನಿಗೇನು ಎಂದು ಕೇಳಬಹುದು. ಈಚೆಗೆ ಪರಿಚಿತರೊಬ್ಬರು ತಮ್ಮ ಊರಿನ ಶಾಲೆಯ ಸ್ಮರಣ ಸಂಚಿಕೆಯ ಕಡತವನ್ನು ಹಳೆಯ ಸಿ.ಡಿ.ಯಿಂದ ತೆಗೆದು ಕೊಟ್ಟರು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಗೊಂದಲ. ಕಾರಣ ಸರಳ. ತೊಂಬತ್ತರ ದಶಕದಲ್ಲಿ ಪ್ರತಿಯೊಂದು ಕಂಪನಿಯೂ ಇಂಗ್ಲಿಷಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ತನಗೆ ತೋಚಿದಂತೆ ಜೋಡಿಸಿತ್ತು. ಆ ಫಾಂಟ್ ಇಲ್ಲವಾದರೆ ಬರಹವೂ ಇಲ್ಲ. 1991ರಲ್ಲೇ ಯುನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಗೊತ್ತುಪಡಿಸಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಆ ಸಂಚಿಕೆಯನ್ನು ಕೊನೆಗೆ ಓದಿಸಿಕೊಟ್ಟದ್ದು ಸ್ವಯಂಸೇವಕರು ಬರೆದು ತೆರೆದಿಟ್ಟ ಒಂದು ಪರಿವರ್ತಕ ತಂತ್ರಾಂಶ.

ಇಲ್ಲೊಂದು ವಿಪರ್ಯಾಸವಿದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಇಂದು ಯಾರು ಬೇಕಾದರೂ ಓದಬಹುದು, ಮರುಮುದ್ರಿಸಬಹುದು, ಕಂಪ್ಯೂಟರಿಗೆ ಏರಿಸಬಹುದು. ಕಾಗದ ಹಳದಿಯಾಗಿದ್ದರೂ ಅಕ್ಷರ ಅಕ್ಷರವಾಗಿಯೇ ಇದೆ. ಮೂವತ್ತು ವರ್ಷ ಹಿಂದಿನ ಕಡತ ಮಾತ್ರ ಬಾಯಿ ಬಿಡುವುದಿಲ್ಲ. ಕೊಂಡ ಪುಸ್ತಕವೂ ಪೂರ್ತಿ ನಮ್ಮದಲ್ಲ: 2009ರಲ್ಲಿ ಅಮೆಜಾನ್ ಕಂಪನಿ, ಮಾರಿದವರಿಗೆ ಹಕ್ಕಿರಲಿಲ್ಲವೆಂದು, ಓದುಗರು ಹಣ ಕೊಟ್ಟು ಪಡೆದಿದ್ದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಅವರ ಕಿಂಡಲ್ ಯಂತ್ರಗಳಿಂದ ಕೇಳದೆಯೇ ಅಳಿಸಿತು. ಬಳಿಕ ಕ್ಷಮೆ ಕೇಳಿತು. ಅಂಗಡಿಯವನು ರಾತ್ರಿ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಒಯ್ಯುವುದನ್ನು ನಾವು ಸಹಿಸುತ್ತೇವೆಯೇ? ಡಿಜಿಟಲ್ ಹಕ್ಕುಗಳ ಪ್ರಶ್ನೆ ಇಷ್ಟೇ.

ಹಾಗೆಂದು ಮುಕ್ತ ತಂತ್ರಾಂಶ ಸರ್ವರೋಗಕ್ಕೂ ಮದ್ದಲ್ಲ. ತೆರೆದಿಟ್ಟ ಮಾತ್ರಕ್ಕೆ ಯಾರಾದರೂ ಓದಿರುತ್ತಾರೆ ಎಂದಲ್ಲ; 2014ರಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಎರಡು ವರ್ಷ ಎಲ್ಲರ ಕಣ್ಣೆದುರೇ ಅಡಗಿತ್ತು. ಬರೆಯುವವರ ಹೊಟ್ಟೆಪಾಡೂ ನಡೆಯಬೇಕು. ಕನ್ನಡದ ಅಚ್ಚಿನ ಮನೆಗಳಿಗೆ ಮೊದಲು ಕಂಪ್ಯೂಟರ್ ಕಲಿಸಿದ್ದರಲ್ಲಿ ವಾಣಿಜ್ಯ ಕಂಪನಿಗಳ ಪಾಲು ಸಣ್ಣದಲ್ಲ.

ಆದರೂ ಭಾಷೆ, ಶಾಲೆ, ಸರ್ಕಾರದ ಕಡತ, ಇಂಥ ಎಲ್ಲರ ಸ್ವತ್ತಿನ ಬೀಗದ ಕೈ ಒಬ್ಬನ ಬಳಿ ಇರಬಾರದೆಂಬ ಮಾತಿನಲ್ಲಿ ಹುರುಳಿದೆ. ತಲಪಾಡಿ ದಾಟಿದರೆ, ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಪಠ್ಯಕ್ರಮದಂತೆ ಮುಕ್ತ ತಂತ್ರಾಂಶದಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. 2016ರಲ್ಲಿ ತುಳು ವಿಕಿಪೀಡಿಯ ತೆರೆಯಿತು. 2024ರಲ್ಲಿ ತುಳು-ತಿಗಳಾರಿ ಲಿಪಿಯೂ ಯುನಿಕೋಡ್ ಸೇರಿತು. ಆ ಲಿಪಿಗೆ ಫಾಂಟು, ಕೀಲಿಮಣೆ ಮಾಡುವವರು ಕನ್ನಡದ ತೊಂಬತ್ತರ ದಶಕವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ನಾಳೆ ಅವರ ಮೊಮ್ಮಕ್ಕಳು ಕಡತ ತೆರೆದಾಗ, ದತ್ತದಿಂದ ಸಾಧನೆಯವರೆಗೆ ಎಲ್ಲ ಹಂತವೂ ಅಲ್ಲಿರಬೇಕು.