ಜೀಪಿನ ಬ್ರೇಕ್ ಹೋಸ್: ಸಣ್ಣ ಬಿರುಕು, ದೊಡ್ಡ ಅಪಾಯ



2023ರ ಮಳೆಗಾಲ. ಸ್ವಸಹಾಯ ಸಂಘದ ಆರು ಮಂದಿ ಮಹಿಳೆಯರ ಜೊತೆ ನಾವು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಬೇಕಿತ್ತು. ಹೊರಡುವ ಮುಂಚೆ ನಮ್ಮ ಚಾಲಕರು, "ಸಿಸ್ಟರ್, ಬ್ರೇಕ್ ಯಾಕೋ ಮೆತ್ತಗಿದೆ" ಅಂದರು. ಬಗ್ಗಿ ನೋಡಿದರೆ ಮುಂದಿನ ಎಡಚಕ್ರದ ಒಳಬದಿ ಒದ್ದೆ. ಸೀಳಿದ ರಬ್ಬರ್ ಹೋಸ್‌ಗೆ ಹಿಂದೆ ಯಾರೋ ಟೇಪ್ ಸುತ್ತಿ ಕಳಿಸಿದ್ದರು! ಅಂದಿನ ತರಬೇತಿ ನಿಂತಿತು. ಆದರೆ ಎಲ್ಲರೂ ಮನೆಗೆ ಮುಟ್ಟಿದರು.

ಹೋಸ್‌ನ ಕೆಲಸವೇನು?

ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತಡದಿಂದ ಚಕ್ರದ ಕಡೆಗೆ ಹೋಗುತ್ತದೆ. ಚಾಸಿ ಉದ್ದಕ್ಕೂ ಇರುವುದು ಕಬ್ಬಿಣದ ಪೈಪ್. ಚಕ್ರ ತಿರುಗಬೇಕು, ಮೇಲೆ ಕೆಳಗೆ ಆಡಬೇಕು. ಆದ್ದರಿಂದ ಕೊನೆಯ ತುಂಡು ಬಾಗುವ ರಬ್ಬರಿನದು. ಬಿಸಿಲು, ಕೆಸರು, ಬಿಸಿಯಿಂದ ಈ ರಬ್ಬರ್ ಹಳತಾಗುತ್ತದೆ. ಇಂದಿನ ವಾಹನಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿವೆ, ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಆದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಘಾಟಿಯ ತಿರುವಿನಲ್ಲಿ ಆ ದೂರ ಎಲ್ಲಿ ಸಿಗುತ್ತದೆ?

ಗುರುತಿಸುವುದು ಹೇಗೆ?

* ಹೋಸ್ ಬಾಗಿಸಿದಾಗ ಬಿರುಕು ಕಾಣುವುದು
* ಪೆಡಲ್ ತುಳಿದಾಗ ಹೋಸ್ ಉಬ್ಬುವುದು
* ಜೋಡಣೆಯ ಬಳಿ ಒದ್ದೆ, ಆಯಿಲ್ ಮಟ್ಟ ಇಳಿಯುವುದು
* ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆ ಎಳೆಯುವುದು, ಅಥವಾ ಒಂದು ಚಕ್ರ ಮಾತ್ರ ಬಿಸಿಯಾಗುವುದು

ಕೊನೆಯದನ್ನು ಗಮನಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಪದರ ಊದಿಕೊಂಡರೆ ಆಯಿಲ್ ಹಿಂದಕ್ಕೆ ಬರುವುದಿಲ್ಲ, ಬ್ರೇಕ್ ಹಿಡಿದೇ ಇರುತ್ತದೆ.

ಬದಲಾಯಿಸುವ ಕ್ರಮ

ಇದು ತಿಳಿದ ಮೆಕ್ಯಾನಿಕ್ ಮಾಡುವ ಕೆಲಸ. ಆದರೂ ಸರಿಯಾದ ಕ್ರಮ ನಮಗೂ ಗೊತ್ತಿರಲಿ.

1. ಸಮತಟ್ಟಾದ ಜಾಗದಲ್ಲಿ ಇತರ ಚಕ್ರಗಳಿಗೆ ಅಡ್ಡ ಇಟ್ಟು, ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕು. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬಾರದು.
2. ಕಬ್ಬಿಣದ ಪೈಪಿನ ನಟ್ ಮೊದಲು ಬಿಚ್ಚಬೇಕು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಪೈಪ್ ನಟ್‌ಗೆಂದೇ ಇರುವ ಸ್ಪ್ಯಾನರ್ ಬಳಸದಿದ್ದರೆ ನಟ್‌ನ ಮೂಲೆ ಸವೆದು ಹೋಗುತ್ತದೆ.
3. ಆಮೇಲೆ ಕ್ಲಿಪ್, ಕೊನೆಗೆ ಚಕ್ರದ ಕಡೆಯ ಬೋಲ್ಟ್. ಅಲ್ಲಿ ತಾಮ್ರದ ವಾಷರ್ ಇದ್ದರೆ ಹೊಸದನ್ನೇ ಹಾಕಬೇಕು.
4. ಹೊಸ ಹೋಸ್ ತಿರುಚಿರಬಾರದು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೆ ತಾಗುತ್ತದೆಯೇ ನೋಡಬೇಕು. ಒಂದು ಬದಿ ಸವೆದಿದ್ದರೆ ಎರಡೂ ಬದಿ ಬದಲಾಯಿಸುವುದು ಒಳ್ಳೆಯದು.
5. ಏರ್ ತೆಗೆಯಲೇಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೂ ಹೀಗೆ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಬಾರದು.

ಡಬ್ಬಿಯ ಮುಚ್ಚಳದಲ್ಲಿ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಇಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಕೆಡುತ್ತದೆ. ಹೊರಬಂದ ಹಳೆ ಆಯಿಲ್ ಮತ್ತೆ ಸುರಿಯಬೇಡಿ. ಕೊನೆಗೆ ಪೆಡಲ್ ಬಲವಾಗಿ ತುಳಿದು ಸೋರಿಕೆ ನೋಡಿ, ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಪರೀಕ್ಷಿಸಿ. ಗಾಳಿಯ ಬ್ರೇಕ್ ಇರುವ ದೊಡ್ಡ ಲಾರಿಗಳ ಕ್ರಮ ಬೇರೆ.

ನಾವೇನು ಮಾಡೋಣ?

ಹೋಸ್‌ಗೆ ಟೇಪ್ ಸುತ್ತುವುದು ರಿಪೇರಿಯಲ್ಲ. "ಸದ್ಯಕ್ಕೆ ಓಡಿಸಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಈಗ ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಎಲ್ಲಾ ಹೋಸ್ ನೋಡಿಸಿ ಪುಸ್ತಕದಲ್ಲಿ ಬರೆದಿಡುತ್ತೇವೆ. ತಾಯಂದಿರೇ, ಬಾಡಿಗೆ ಜೀಪು ಹತ್ತುವಾಗ ನೀವೂ ಸಂಕೋಚಪಡಬೇಡಿ. "ಅಣ್ಣಾ, ಬ್ರೇಕ್ ಹೋಸ್ ನೋಡಿಸಿದ್ದೀರಾ?" ಎಂದು ಕೇಳಿ. ಒಳ್ಳೆಯ ಚಾಲಕರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.